ಕನ್ನಡನಾಡಿನ ಶಾಲೋಪಾಧ್ಯಾಯರ ಚಿತ್ರಶಿಕ್ಷಣ

೧

ಕನ್ನಡಿಗರು ಅಕ್ಷರವನ್ನೂ ಬರೆಯುತ್ತಾರೆ, ಚಿತ್ರವನ್ನೂ ಬರೆಯುತ್ತಾರೆ. ಈ ಎರಡು ಕಾರ್ಯಗಳಿಗೂ ಭಾಷೆಯಲ್ಲಿ ಕ್ರಿಯಾಪದವು ಒಂದೇ ಆಗಿರುವುದು. ಸಂಸ್ಕೃತದಲ್ಲಿಯೂ ಲಿಖ್ ಎಂಬ ಒಂದೇ ಧಾತುವಿನಿಂದ ಲೇಖನವೂ ಆಲೇಖ್ಯವೂ ಹುಟ್ಟಿವೆ. ಕಾಳಿದಾಸನ ಶಕುಂತಲೆಯು ತಾವರೆಯ ಎಲೆಯಲ್ಲಿ ಉಗುರಿನಿಂದ ಓಲೆಯನ್ನು ಬರೆಯುವುದೂ, ಮೇಘದೂತದ ಯಕ್ಷನು ಬಂಡೆಯ ಮೇಲೆ ಧಾತುರಾಗದಿಂದ ಪ್ರಿಯೆಯ ರೂಪವನ್ನು ಬರೆಯುವುದೂ ಒಂದೇ ಕೈಯ ಎರಡು ವ್ಯಾಪಾರಗಳು. ಹೀಗೆ ಭಾಷೆಯು ಒಂದೆಂದು ತಿಳಿದುದನ್ನು ನೂರೈವತ್ತು ವರ್ಷಗಳಿಂದೀಚಿನ ಶಾಲೆಯು ಎರಡಾಗಿ ಒಡೆದಿರುವುದು. ಅಕ್ಷರವು ತರಗತಿಯ ಉಪಾಧ್ಯಾಯರ ಪಾಲಿಗೂ, ಚಿತ್ರವು ಡ್ರಾಯಿಂಗ್ ಮಾಸ್ತರರೆಂಬ ಬೇರೊಬ್ಬರ ಪಾಲಿಗೂ ಹಂಚಿಹೋದುವು. ಈ ಪಾಲುಪಟ್ಟಿಯು ಹೇಗೆ ನಡೆಯಿತು, ಅದರಿಂದ ಬಾಲಕರಿಗೆ ಬಂದ ಲಾಭನಷ್ಟಗಳೇನು, ಅದನ್ನು ಸರಿಪಡಿಸಲು ನಡೆದ ಪ್ರಯತ್ನಗಳಾವುವು ಎಂಬುದು ಕನ್ನಡನಾಡಿನ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ವಿಚಾರಾರ್ಹವಾದ ವಿಷಯವಾಗಿದೆ.

ವಿಚಾರವು ಬರಿಯ ಗ್ರಂಥಗಳ ಮಾತಾಗಿ ಉಳಿಯದಿರಲು ಒಂದು ಊರನ್ನು ಮುಂದಿಟ್ಟುಕೊಳ್ಳುವುದು ಯುಕ್ತ. ಬೆಂಗಳೂರಿನ ಪೂರ್ವಭಾಗದಲ್ಲಿ ಕೃಷ್ಣರಾಜಪುರದ ಹೋಬಳಿಗೆ ಸೇರಿದ ಹೊರಮಾವು ಅಂತಹ ಒಂದು ಊರು. ಕೆರೆಯನ್ನೂ ಹೊಲಗದ್ದೆಗಳನ್ನೂ ಆಶ್ರಯಿಸಿದ್ದ ಈ ಗ್ರಾಮವು ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಮೇರೆಯೊಳಗೆ ಸೇರಿತು. ಹಳ್ಳಿಯೂ ಅಲ್ಲದ, ಪೂರ್ಣವಾಗಿ ಪಟ್ಟಣವೂ ಅಲ್ಲದ ಇಂತಹ ಎಡೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಲೆಯಾಳಗಳನ್ನಾಡುವ ಮನೆಗಳು ಒತ್ತಾಗಿ ನೆಲಸಿರುತ್ತವೆ. ಇಂತಹ ಊರಿನ ಕಿರಿಯ ಮಕ್ಕಳ ತರಗತಿಯಲ್ಲಿ ಚಿತ್ರವು ಯಾರ ಕೈಯಿಂದ ಬರಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

೨

ಮೊದಲು ಪ್ರಾಚೀನರ ಮತವನ್ನು ನೋಡಬಹುದು. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಪ್ರಕರಣವಿದೆ. ವಜ್ರನೆಂಬ ರಾಜನು ಪ್ರತಿಮಾಲಕ್ಷಣವನ್ನು ತಿಳಿಸಬೇಕೆಂದು ಮಾರ್ಕಂಡೇಯನನ್ನು ಬೇಡಿದಾಗ, ಚಿತ್ರವನ್ನು ತಿಳಿಯದವನು ಪ್ರತಿಮೆಯನ್ನು ತಿಳಿಯಲಾರನೆಂದೂ, ಚಿತ್ರಕ್ಕೆ ನೃತ್ತದ ಅರಿವು ಬೇಕೆಂದೂ, ನೃತ್ತಕ್ಕೆ ವಾದ್ಯವೂ ವಾದ್ಯಕ್ಕೆ ಗೀತವೂ ಆಧಾರವೆಂದೂ ಋಷಿಯು ಉತ್ತರಕೊಡುತ್ತಾನೆ. ಒಂದು ಕಲೆಯನ್ನು ಮತ್ತೊಂದರಿಂದ ಕಡಿದು ಬೇರೆ ಕೊಠಡಿಯಲ್ಲಿಟ್ಟು ಕಲಿಸುವುದು ಅಸಾಧ್ಯವೆಂಬ ಅಭಿಪ್ರಾಯವು ಇದರಿಂದ ಸ್ಪಷ್ಟವಾಗುವುದು. ವಾತ್ಸ್ಯಾಯನನು ಹೇಳಿದ ಅರುವತ್ತುನಾಲ್ಕು ಕಲೆಗಳಲ್ಲಿ ಆಲೇಖ್ಯವೂ ಒಂದು. ಅವನ ವ್ಯಾಖ್ಯಾನಕಾರನಾದ ಯಶೋಧರನು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗವೆಂದು ಚಿತ್ರಕ್ಕೆ ಆರು ಅಂಗಗಳನ್ನು ಎಣಿಸಿದನು. ಇವುಗಳಲ್ಲಿ ಮೊದಲನೆಯ ಎರಡು, ಅಂದರೆ ಒಂದು ವಸ್ತುವನ್ನು ಮತ್ತೊಂದರಿಂದ ಬೇರ್ಪಡಿಸಿ ಕಾಣುವ ರೂಪಭೇದವೂ, ಅಳತೆಯ ಅರಿವಾದ ಪ್ರಮಾಣವೂ, ಚಿತ್ರಕಾರನಿಗೆ ಮಾತ್ರವಲ್ಲದೆ ಕಲಿಯುವ ಪ್ರತಿಯೊಬ್ಬನಿಗೂ ಅವಶ್ಯಕವಾದುವೆಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡತಕ್ಕದ್ದು.

ಕನ್ನಡನಾಡಿನ ಅರಸರೂ ಈ ಶಾಸ್ತ್ರವನ್ನು ಆದರಿಸಿದರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಭಿತ್ತಿಯನ್ನು ಹದಗೊಳಿಸುವುದು, ಕುಂಚಗಳು, ಬಣ್ಣಗಳ ಮಿಶ್ರಣ ಮುಂತಾದುವು ವಿವರವಾಗಿ ಬಂದಿವೆ. ಕೆಳದಿಯ ಬಸವರಾಜನ ಶಿವತತ್ತ್ವರತ್ನಾಕರದಲ್ಲಿಯೂ ಚಿತ್ರವಿಚಾರವುಂಟು. ೧೭೯೯ರಿಂದ ೧೮೬೮ರ ವರೆಗೆ ಮೈಸೂರಿನ ಸಿಂಹಾಸನದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಂತೂ ದೇವತಾಮೂರ್ತಿಗಳ ಧ್ಯಾನಶ್ಲೋಕಗಳ ಜತೆಗೆ ಅವುಗಳ ಚಿತ್ರಗಳನ್ನೂ ಒಟ್ಟಿಗೆ ಕೊಡುವ ಮಹಾಗ್ರಂಥ. ಶ್ಲೋಕವನ್ನು ಓದಿದವನು ರೂಪವನ್ನು ಕಾಣಬೇಕು, ರೂಪವನ್ನು ಕಂಡವನು ಶ್ಲೋಕವನ್ನು ನೆನೆಯಬೇಕು ಎಂಬುದು ಅದರ ಕ್ರಮವಾಗಿದೆ.

ಆದರೆ ಒಂದು ಅಂಶವನ್ನು ಮರೆಯಬಾರದು. ಈ ಗ್ರಂಥಗಳೆಲ್ಲವೂ ಚಿತ್ರಕಾರನಿಗೂ, ಶಿಲ್ಪಿಗೂ, ರಸಿಕನಾದ ಪ್ರಭುವಿಗೂ ಹೇಳಿದುವೇ ಹೊರತು ಮಕ್ಕಳಿಗೆ ಪಾಠ ಹೇಳುವವನಿಗಾಗಿ ಹುಟ್ಟಿದುವಲ್ಲ. ಪುರಾತನ ಕಾಲದಲ್ಲಿ ಶಾಲೆಗಳಲ್ಲಿ ಚಿತ್ರಕಲೆ ಬೋಧಿಸಲ್ಪಡುತ್ತಿತ್ತೆಂದು ಇವುಗಳ ಆಧಾರದಿಂದ ಸಾಧಿಸಹೊರಡುವುದು ಸರಿಯಲ್ಲ. ಚಿತ್ರವು ಜ್ಞಾನಸಾಧನವೆಂಬ ತತ್ತ್ವವು ಮಾತ್ರ ಇವುಗಳಿಂದ ದೊರೆಯುತ್ತದೆ. ಭಾಗವತದ ಚಿತ್ರಲೇಖೆಯು ಉಷೆಯು ಕನಸಿನಲ್ಲಿ ಕಂಡ ಪುರುಷನಾರೆಂಬುದನ್ನು ಒಬ್ಬೊಬ್ಬರ ರೂಪವನ್ನೇ ಬರೆದು ತೋರಿಸಿ ಕಂಡುಹಿಡಿದಳು. ಮಾತಿನಿಂದ ತಿಳಿಯದುದು ರೇಖೆಯಿಂದ ತಿಳಿಯಿತೆಂಬುದೇ ಆ ಕಥೆಯ ಮರ್ಮವಾಗಿರುವುದು.

೩

ಹಳ್ಳಿಯ ಮಕ್ಕಳು ಓದುಬರಹವನ್ನು ಕಲಿತುದು ಕೂಲಿಮಠಗಳಲ್ಲಿ. ಅಲ್ಲಿ ಐಗಳು ಜಗಲಿಯ ಮೇಲೆ ಮರಳನ್ನು ಹರಡಿ ಮಗುವಿನ ಬೆರಳನ್ನು ಹಿಡಿದು ಅಕ್ಷರವನ್ನು ತಿದ್ದಿಸುತ್ತಿದ್ದರು. ಮರಳಿನ ಅಭ್ಯಾಸವು ಮುಗಿದ ಬಳಿಕ ಕಡತವು ಬರುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆದು, ಒರಸಿ, ಮತ್ತೆ ಬರೆಯುತ್ತಿದ್ದರು. ಆ ಕ್ರಮದಲ್ಲಿ ಬಾಯಿಪಾಠವೇ ಪ್ರಧಾನವಾಗಿದ್ದಿತೆಂಬುದೂ, ಶಿಕ್ಷೆಯು ಕಠಿನವಾಗಿದ್ದಿತೆಂಬುದೂ ನಿಜ. ಚಿತ್ರವೆಂಬ ಪಾಠವೂ ಅಲ್ಲಿರಲಿಲ್ಲ. ಆದರೆ ಅಕ್ಷರವು ಮೊದಲು ಒಂದು ಆಕಾರವಾಗಿ, ಬೆರಳು ನಡೆಯುವ ಒಂದು ದಾರಿಯಾಗಿ ಮಗುವಿಗೆ ಪರಿಚಯವಾಗುತ್ತಿತ್ತು. ತಿದ್ದುವುದೆಂಬ ಶಬ್ದವೇ ಇದಕ್ಕೆ ಸಾಕ್ಷಿ. ಅದೇ ಮಗು ಮನೆಗೆ ಹೋದರೆ ತಾಯಿಯು ಅಂಗಳದಲ್ಲಿ ಚುಕ್ಕಿಯಿಟ್ಟು ರಂಗವಲ್ಲಿಯನ್ನು ಬರೆಯುತ್ತಿದ್ದಳು. ಮನೆಯ ರೇಖೆಗೂ ಮಠದ ರೇಖೆಗೂ ನಡುವೆ ಗೋಡೆಯು ಆಗ ಎದ್ದಿರಲಿಲ್ಲ.

೪

ಆ ಗೋಡೆಯು ಎದ್ದುದು ಹೊಸ ವಿದ್ಯಾಭ್ಯಾಸದ ಕಾಲದಲ್ಲಿ. ೧೮೫೪ರ ವುಡ್ಡನ ಆಜ್ಞಾಪತ್ರವು ಉಪಾಧ್ಯಾಯರನ್ನು ತರಬೇತು ಮಾಡುವ ನಾರ್ಮಲ್ ಶಾಲೆಗಳು ಅವಶ್ಯಕವೆಂದು ವಿಧಿಸಿತು. ಮೈಸೂರು ಸಂಸ್ಥಾನದಲ್ಲಿ ೧೮೬೮ರಲ್ಲಿ ಬಿ. ಎಲ್. ರೈಸರು ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟರು. ಹೋಬಳಿಗೊಂದು ಶಾಲೆಯಾಗಬೇಕು, ಅದರ ಉಪಾಧ್ಯಾಯನು ತರಬೇತು ಹೊಂದಿದವನಾಗಿರಬೇಕು ಎಂಬುದು ಅದರ ಸಾರಾಂಶ. ಶ್ರೀತತ್ತ್ವನಿಧಿಯ ಕರ್ತೃಗಳಾದ ಮಹಾರಾಜರು ಸ್ವರ್ಗಸ್ಥರಾದ ವರ್ಷವೂ ಅದೇ ಎಂಬುದು ಗಮನಿಸತಕ್ಕ ವಿಷಯ. ಒಂದು ಕ್ರಮವು ಮುಗಿದು ಮತ್ತೊಂದು ಕ್ರಮವು ಆರಂಭವಾದುದಕ್ಕೆ ಆ ವರ್ಷವನ್ನು ಗುರುತಾಗಿ ಇಟ್ಟುಕೊಳ್ಳಬಹುದು.

ಈ ಹೊಸ ಕ್ರಮದಲ್ಲಿ ಚಿತ್ರವು ಶಾಲೆಯ ಮುಂಬಾಗಿಲಿನಿಂದ ಬರಲಿಲ್ಲ, ಕೈಗಾರಿಕೆಯ ಬಾಗಿಲಿನಿಂದ ಬಂದಿತು. ಇಂಗ್ಲೆಂಡಿನಲ್ಲಿ ಹೆನ್ರಿ ಕೋಲನೆಂಬಾತನು ೧೮೫೦ರ ದಶಕದಲ್ಲಿ ಸೌತ್ ಕೆನ್ಸಿಂಗ್ಟನ್ ಪದ್ಧತಿಯೆಂದು ಹೆಸರಾದ ಚಿತ್ರಬೋಧನಕ್ರಮವನ್ನು ನೆಲೆಗೊಳಿಸಿದನು. ಮೊದಲು ಸರಳರೇಖೆ, ಆಮೇಲೆ ವಕ್ರರೇಖೆ, ಆಮೇಲೆ ಅಚ್ಚಿನ ಮಾದರಿಗಳ ನಕಲು, ಕೊನೆಗೆ ಘನವಸ್ತುಗಳ ರೂಪ ಎಂಬುದು ಅದರ ಮೆಟ್ಟಿಲುಗಳು. ಕೈಗಾರಿಕೆಗಳಿಗೆ ಬೇಕಾದ ಖಚಿತವಾದ ಕೈಯನ್ನೂ ಕಣ್ಣನ್ನೂ ತಯಾರುಮಾಡುವುದೇ ಅದರ ಪ್ರಧಾನವಾದ ಉದ್ದೇಶವಾಗಿದ್ದಿತು. ಮದ್ರಾಸಿನಲ್ಲಿ ಡಾಕ್ಟರ್ ಅಲೆಗ್ಸಾಂಡರ್ ಹಂಟರನು ೧೮೫೦ರಲ್ಲಿ ಸ್ಥಾಪಿಸಿದ ಕಲಾಶಾಲೆಯೂ, ಮುಂಬಯಿಯಲ್ಲಿ ೧೮೫೭ರಲ್ಲಿ ತೆರೆದ ಜೆ. ಜೆ. ಕಲಾಶಾಲೆಯೂ ಈ ಭಾವನೆಗಳನ್ನು ಇಂಡಿಯಾ ದೇಶಕ್ಕೆ ತಂದುವು. ಜೆ. ಜೆ. ಶಾಲೆಯಲ್ಲಿ ೧೮೯೩ರಲ್ಲಿ ಡ್ರಾಯಿಂಗ್ ಉಪಾಧ್ಯಾಯರಿಗಾಗಿಯೇ ಒಂದು ತರಗತಿ ಏರ್ಪಟ್ಟಿತು. ಹೀಗೆ ತರಗತಿಯ ಉಪಾಧ್ಯಾಯನು ನಾರ್ಮಲ್ ಶಾಲೆಯಿಂದಲೂ ಚಿತ್ರದ ಉಪಾಧ್ಯಾಯನು ಕಲಾಶಾಲೆಯಿಂದಲೂ ಹೊರಟು ಬರುವ ಎರಡು ದಾರಿಗಳು ಸಿದ್ಧವಾದುವು. ಈ ದಾರಿಗಳು ಶಾಲೆಯ ಅಂಗಳದಲ್ಲಿ ಕೂಡಿದರೂ ಒಂದಾಗಲಿಲ್ಲ.

ಆಗ ಕನ್ನಡನಾಡು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದಿತು. ಧಾರವಾಡದ ವಿದ್ಯಾರ್ಥಿಯು ಮುಂಬಯಿಯ ಚಿತ್ರಪರೀಕ್ಷೆಗೂ, ಮಂಗಳೂರಿನವನು ಮದ್ರಾಸಿನ ಪರೀಕ್ಷೆಗೂ ಕುಳಿತುಕೊಳ್ಳಬೇಕಾಗಿದ್ದಿತು. ಬೆಂಗಳೂರಿನಲ್ಲಿಯಂತೂ ಈ ಭೇದವು ಕೆಲವೇ ಮೈಲಿಗಳ ಅಂತರದಲ್ಲಿ ಕಾಣುತ್ತಿದ್ದಿತು. ೧೮೦೯ರಲ್ಲಿ ನೆಲೆಗೊಂಡ ದಂಡಿನ ಪ್ರದೇಶವು ೧೯೪೭ರಲ್ಲಿ ಸಂಸ್ಥಾನಕ್ಕೆ ಹಿಂದಿರುಗುವ ತನಕ ಬ್ರಿಟಿಷರ ಆಡಳಿತದಲ್ಲಿದ್ದಿತು. ಹಲಸೂರಿನ ಕಡೆಯ ಮಗು ಒಂದು ಸರಕಾರದ ಕಟ್ಟಳೆಗೂ ಹೊರಮಾವಿನ ಕಡೆಯ ಮಗು ಮತ್ತೊಂದರ ಕಟ್ಟಳೆಗೂ ಒಳಪಟ್ಟಿದ್ದುವು. ಆದರೆ ಯಾವ ಸರಕಾರದ ಕೆಳಗಿದ್ದರೂ ಚಿತ್ರವು ಪರೀಕ್ಷೆಯ ವಿಷಯವೆಂಬುದರಲ್ಲಿ ಮಾತ್ರ ಭೇದವಿರಲಿಲ್ಲ.

೫

ಈ ಪದ್ಧತಿಯಿಂದ ನಾಡಿಗೆ ಉಪಕಾರವೇ ಆಗಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ೧೯೦೬ರಲ್ಲಿ ಮೈಸೂರಿನಲ್ಲಿ ಅಸ್ತಿವಾರ ಹಾಕಿಸಿಕೊಂಡ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟು ಗಂಧದ ಕೆತ್ತನೆ, ಬೀಟೆಯ ಮರದ ಕುಸುರಿ, ಚಿತ್ರಲೇಖನಗಳನ್ನು ಕಲಿಸಿ ಅನೇಕರಿಗೆ ಜೀವನೋಪಾಯವನ್ನೂ ನಾಡಿಗೆ ಕೀರ್ತಿಯನ್ನೂ ತಂದಿತು. ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ೧೯೧೯ರಲ್ಲಿ ಕಲಾಮಂದಿರವನ್ನು ಸ್ಥಾಪಿಸಿ ಸರಕಾರದ ಕೈಕಾಯದೆ ಚಿತ್ರಶಿಕ್ಷಣವನ್ನು ನಡೆಸಿದರು. ಧಾರವಾಡದಲ್ಲಿ ಜೆ. ಜೆ. ಶಾಲೆಯ ಸಂಪ್ರದಾಯದಲ್ಲಿ ಬೆಳೆದ ಡಿ. ವಿ. ಹಾಲಭಾವಿಯವರು ೧೯೩೦ರ ದಶಕದಲ್ಲಿ ಕಲಾಶಾಲೆಯನ್ನು ತೆರೆದರು. ಇಂತಹ ಶಾಲೆಗಳಲ್ಲಿ ಅಭ್ಯಾಸಮಾಡಿದ ಅನೇಕರು ಊರೂರಿನ ಪ್ರೌಢಶಾಲೆಗಳಲ್ಲಿ ಚಿತ್ರದ ಉಪಾಧ್ಯಾಯರಾದರು. ಅವರ ಕೈಕೆಳಗೆ ಪಳಗಿದ ಹುಡುಗರಲ್ಲಿ ಕೆಲವರು ಮುಂದೆ ಹೆಸರಾಂತ ಕಲಾವಿದರೂ ಆದರು. ಕರ್ನಾಟಕದಲ್ಲಿ ಡ್ರಾಯಿಂಗಿನ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು ಇಂದಿಗೂ ಉಳಿದುಬಂದಿರುವುದು ಆ ಪರಂಪರೆಯ ಬಲಕ್ಕೆ ನಿದರ್ಶನವಾಗಿದೆ.

ಆದರೆ ಲಾಭದ ಜತೆಯಲ್ಲಿಯೇ ನಷ್ಟವೂ ಬಂದಿತು. ಮೊದಲನೆಯದಾಗಿ, ಚಿತ್ರವು ಪ್ರೌಢಶಾಲೆಯ ವಿಷಯವಾಗಿ ಕಿರಿಯ ಮಕ್ಕಳಿಗೆ ದೂರವಾಯಿತು. ಚಿತ್ರದ ಅವಶ್ಯಕತೆಯು ಅತ್ಯಧಿಕವಾಗಿರುವ ಆರರಿಂದ ಹತ್ತು ವರ್ಷದ ವಯಸ್ಸಿನಲ್ಲಿ ಅದನ್ನು ಬಲ್ಲ ಉಪಾಧ್ಯಾಯನು ಹತ್ತಿರದಲ್ಲಿರಲಿಲ್ಲ. ಎರಡನೆಯದಾಗಿ, ಚಿತ್ರವು ಬೇರೊಬ್ಬರ ಕೆಲಸವೆಂದು ತಿಳಿದ ತರಗತಿಯ ಉಪಾಧ್ಯಾಯನು ಬಳಪವನ್ನು ಅಕ್ಷರಕ್ಕೂ ಅಂಕಿಗೂ ಮಾತ್ರ ಮೀಸಲಿಟ್ಟನು. ತನಗೆ ಚಿತ್ರ ಬರುವುದಿಲ್ಲವೆಂದು ಹೇಳಿಕೊಳ್ಳುವುದು ಉಪಾಧ್ಯಾಯನಿಗೆ ನಾಚಿಕೆಯ ಮಾತಾಗಿ ಉಳಿಯಲಿಲ್ಲ. ತನಗೆ ಲೆಕ್ಕ ಬರುವುದಿಲ್ಲವೆಂದು ಯಾವ ಉಪಾಧ್ಯಾಯನೂ ಹಾಗೆ ಹೇಳಿಕೊಳ್ಳಲಾರನು. ಮೂರನೆಯದಾಗಿ, ನಕಲುಮಾಡುವುದೇ ಚಿತ್ರವೆಂಬ ಭಾವನೆಯು ಬೇರೂರಿತು. ಕರಿಹಲಗೆಯ ಮೇಲೆ ಬರೆದ ಹೂಜಿಯನ್ನೋ ಗುಡಿಸಲನ್ನೋ ನಲವತ್ತು ಮಕ್ಕಳೂ ಒಂದೇ ರೀತಿಯಲ್ಲಿ ಬರೆಯುವುದು ಉತ್ತಮವಾದ ಪಾಠವೆನಿಸಿತು.

೬

ಇದಕ್ಕೆ ವಿರುದ್ಧವಾದ ಮತ್ತೊಂದು ವಿಚಾರಪ್ರವಾಹವು ಅದೇ ಕಾಲದಲ್ಲಿ ಹರಿಯುತ್ತಿದ್ದಿತು. ವಿಯೆನ್ನಾ ನಗರದಲ್ಲಿ ಫ್ರಾನ್ಸ್ ಚಿಜೆಕನು ೧೮೯೭ರಲ್ಲಿ ಬಾಲಕರ ಕಲಾತರಗತಿಯನ್ನು ತೆರೆದು, ಮಕ್ಕಳ ಚಿತ್ರವು ದೊಡ್ಡವರ ಚಿತ್ರದ ಕೆಟ್ಟ ನಕಲಲ್ಲ, ಅದಕ್ಕೆ ತನ್ನದೇ ಆದ ನಿಯಮವುಂಟು ಎಂದು ತೋರಿಸಿದನು. ವಿಕ್ಟರ್ ಲೋವೆನ್‌ಫೆಲ್ಡನು ೧೯೪೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಿಯಮವನ್ನು ವಯಸ್ಸಿಗೆ ಅನುಸಾರವಾಗಿ ವಿವರಿಸಿದನು. ಎರಡು ವರ್ಷದ ಮಗು ಗೀಚುವುದು. ನಾಲ್ಕರ ಸುಮಾರಿಗೆ ವೃತ್ತವೊಂದಕ್ಕೆ ಕೈಕಾಲುಗಳನ್ನು ಸೇರಿಸಿ ಮನುಷ್ಯನೆನ್ನುವುದು. ಏಳರ ಸುಮಾರಿಗೆ ಕಾಗದದ ಅಡಿಯಲ್ಲಿ ನೆಲದ ಗೆರೆಯೊಂದನ್ನು ಎಳೆದು ಅದರ ಮೇಲೆ ಎಲ್ಲವನ್ನೂ ನಿಲ್ಲಿಸುವುದು. ಈ ವಯಸ್ಸಿನ ಮಗು ಮನೆಯ ಹೊರಗೋಡೆಯನ್ನೂ ಒಳಗಿರುವ ಜನರನ್ನೂ ಒಂದೇ ಚಿತ್ರದಲ್ಲಿ ತೋರಿಸುತ್ತದೆ. ಅದು ತನಗೆ ಕಾಣುವುದನ್ನಲ್ಲ, ತನಗೆ ತಿಳಿದುದನ್ನು ಬರೆಯುತ್ತದೆ. ಇದನ್ನು ಅರಿಯದ ಉಪಾಧ್ಯಾಯನು ತಪ್ಪೆಂದು ಅಳಿಸುವನು. ಅರಿತವನು ಮಗುವಿಗೆ ಏನು ತಿಳಿದಿದೆ, ಏನು ತಿಳಿದಿಲ್ಲ ಎಂಬುದನ್ನು ಆ ಚಿತ್ರದಿಂದಲೇ ಓದಿಕೊಳ್ಳುವನು.

ಇಂಡಿಯಾ ದೇಶದಲ್ಲಿಯೂ ಇದಕ್ಕೆ ಸಮಾನವಾದ ಪ್ರಯತ್ನಗಳು ನಡೆದುವು. ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಶಾಲೆಯನ್ನೂ ೧೯೧೯ರಲ್ಲಿ ಅಲ್ಲಿಯ ಕಲಾಭವನವನ್ನೂ ಆರಂಭಿಸಿ ಚಿತ್ರ, ಗಾನ, ಪ್ರಕೃತಿದರ್ಶನಗಳನ್ನು ವಿದ್ಯಾಭ್ಯಾಸದ ಒಳಗೇ ಸೇರಿಸಿದರು. ೧೯೩೭ರ ವಾರ್ಧಾ ಸಮ್ಮೇಳನದ ಬಳಿಕ ಜಾಕಿರ್ ಹುಸೇನ್ ಸಮಿತಿಯು ಸಿದ್ಧಪಡಿಸಿದ ಮೂಲಶಿಕ್ಷಣದ ಪಾಠಕ್ರಮದಲ್ಲಿ ಕಸುಬು, ಮಾತೃಭಾಷೆ, ಗಣಿತಗಳ ಜತೆಯಲ್ಲಿ ಚಿತ್ರಲೇಖನಕ್ಕೂ ಸಂಗೀತಕ್ಕೂ ಸ್ಥಾನ ದೊರೆಯಿತು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, ೧೯೩೬ರಲ್ಲಿ ಬಾಲಪ್ರಪಂಚವೆಂಬ ಸಚಿತ್ರ ಗ್ರಂಥವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಕನ್ನಡದ ಬಾಲಕನಿಗೆ ಲೋಕವನ್ನು ಮಾತಿನಿಂದಲೂ ಚಿತ್ರದಿಂದಲೂ ಒಟ್ಟಿಗೆ ತೋರಿಸಿದ ಮಹಾಪ್ರಯತ್ನವದು. ಆದರೆ ಇವೆಲ್ಲವೂ ಮಹಾಪುರುಷರ ಆಶ್ರಮಗಳೂ ಗ್ರಂಥಗಳೂ ಆಗಿದ್ದುವು. ಹೋಬಳಿಯ ಶಾಲೆಯ ಸಾಮಾನ್ಯ ಉಪಾಧ್ಯಾಯನ ಕೈಗೆ ಈ ವಿದ್ಯೆಯನ್ನು ಮುಟ್ಟಿಸುವ ಕಾರ್ಯವು ಉಳಿದೇ ಇದ್ದಿತು.

೭

ಆ ಕಾರ್ಯಕ್ಕೆ ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಆರಂಭವು ದೊರೆತುದು ೧೯೯೫ರಲ್ಲಿ ಎನ್ನಬಹುದು. ಆ ವರ್ಷ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ನಲಿಕಲಿ ಎಂಬ ಪದ್ಧತಿಯನ್ನು ರೂಪಿಸಿದರು. ಪಠ್ಯವನ್ನು ಸಣ್ಣಸಣ್ಣ ಕಾರ್ಡುಗಳಾಗಿ ವಿಂಗಡಿಸಿ, ಒಂದೊಂದು ಬಗೆಯ ಚಟುವಟಿಕೆಗೂ ಒಂದೊಂದು ಚಿತ್ರದ ಗುರುತನ್ನು ಕೊಟ್ಟರು. ಓದಲು ಬಾರದ ಮಗುವೂ ಗುರುತನ್ನು ನೋಡಿ ತನ್ನ ಕಾರ್ಡನ್ನು ತಾನೇ ಆರಿಸಿಕೊಳ್ಳಬಲ್ಲುದು. ಕೊಠಡಿಯ ಗೋಡೆಯ ಕೆಳಭಾಗಕ್ಕೆ ಕರಿಯ ಬಣ್ಣವನ್ನು ಬಳಿದು ಮಕ್ಕಳ ಎತ್ತರಕ್ಕೆ ಹಲಗೆಯನ್ನು ಮಾಡಿದರು. ಮೇಲೆ ಹಗ್ಗಗಳನ್ನು ಕಟ್ಟಿ ಕಲಿಕಾ ಚಪ್ಪರವೆಂದು ಕರೆದು ಮಕ್ಕಳು ಬರೆದುದನ್ನೂ ಮಾಡಿದುದನ್ನೂ ತೂಗಹಾಕಿದರು. ಇದು ೨೦೦೯ರ ಬಳಿಕ ರಾಜ್ಯದ ಸರಕಾರೀ ಶಾಲೆಗಳ ಕೆಳತರಗತಿಗಳಿಗೆ ವ್ಯಾಪಿಸಿತು. ಇಲ್ಲಿ ಡ್ರಾಯಿಂಗ್ ಮಾಸ್ತರನಿರಲಿಲ್ಲ. ತರಗತಿಯ ಉಪಾಧ್ಯಾಯರೇ ಚಿತ್ರವನ್ನು ಬಳಸಿದರು. ಮರಳಿನ ಮೇಲೆಯೂ ಕಡತದ ಮೇಲೆಯೂ ನಡೆದ ಬೆರಳು ನೂರಾರು ವರ್ಷಗಳ ಬಳಿಕ ಗೋಡೆಯ ಹಲಗೆಯ ಮೇಲೆ ಮತ್ತೆ ನಡೆಯಿತು.

ಈ ಮಾರ್ಗದಲ್ಲಿಯೇ ಇನ್ನೊಂದು ಹೆಜ್ಜೆಯನ್ನು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯು ಇಟ್ಟಿತು. ೧೯೯೩ರಲ್ಲಿ ಸ್ಥಾಪಿತವಾಗಿ ಕಲಾವಿದರಿಗೂ ಸಂಶೋಧಕರಿಗೂ ಧನಸಹಾಯವನ್ನು ಮಾಡುತ್ತ ಬಂದ ಈ ಸಂಸ್ಥೆಯು ೨೦೦೯ರ ಸುಮಾರಿನಲ್ಲಿ ತನ್ನ ಕಲಾಶಿಕ್ಷಣದ ಕಾರ್ಯವನ್ನು ಕರ್ನಾಟಕದ ಸರಕಾರೀ ಶಾಲೆಗಳ ಕಡೆಗೆ ತಿರುಗಿಸಿ ಕಲಿ-ಕಲಿಸು ಎಂಬ ಹೆಸರಿನಿಂದ ಉಪಾಧ್ಯಾಯರ ಶಿಬಿರಗಳನ್ನು ನಡೆಸಿತು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನವು ಇದರಲ್ಲಿ ಸಹಕರಿಸಿತು. ಕಲಿ ಎಂಬುದು ಮೊದಲು, ಕಲಿಸು ಎಂಬುದು ಆಮೇಲೆ ಎಂಬ ಹೆಸರಿನ ಕ್ರಮವು ಅರ್ಥವತ್ತಾದುದು. ಉಪಾಧ್ಯಾಯರು ತಾವೇ ಮೊದಲು ಬರೆಯಬೇಕು, ಮಡಿಸಬೇಕು, ಕತ್ತರಿಸಬೇಕು, ಆಡಬೇಕು; ಆ ಬಳಿಕ ಅದನ್ನು ತಮ್ಮ ಪಾಠಕ್ಕೆ ಹೊಂದಿಸಬೇಕು.

ಇದೇ ಕಾಲದಲ್ಲಿ ಶಾಸನಗಳೂ ಬದಲಾದುವು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಾಶಿಕ್ಷಣವು ಹತ್ತನೆಯ ತರಗತಿಯ ವರೆಗೆ ಎಲ್ಲರಿಗೂ ಇರಬೇಕೆಂದು ಹೇಳಿತು. ೨೦೨೦ರ ರಾಷ್ಟ್ರೀಯ ಶಿಕ್ಷಣನೀತಿಯು ಕಲೆಯನ್ನು ಇತರ ಪಾಠಗಳೊಡನೆ ಬೆಸೆಯಬೇಕೆಂದು ವಿಧಿಸಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯಾದರೋ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದು ಕಟ್ಟುಮಾಡಿತು. ಈ ಕೊನೆಯ ಅಂಶವನ್ನು ಸೂಕ್ಷ್ಮವಾಗಿ ಪರಿಶೀಲಿಸಬೇಕು. ಒಂದರಿಂದ ಐದನೆಯ ತರಗತಿಯ ವರೆಗೆ ಕಲೆಗೆ ಬೇರೆ ಬೋಧಕರನ್ನು ಕಾಯಿದೆಯೂ ಕೊಡಲಿಲ್ಲ. ನೂರರ ಒಳಗಿನ ಸಣ್ಣ ಶಾಲೆಗೆ ಆರನೆಯ ತರಗತಿಯ ಮೇಲೆಯೂ ಕೊಡಲಿಲ್ಲ. ಆದುದರಿಂದ ಕಿರಿಯ ಮಗುವಿಗೆ ಚಿತ್ರವು ದೊರೆಯುವುದಾದರೆ ತರಗತಿಯ ಉಪಾಧ್ಯಾಯರಿಂದಲೇ ದೊರೆಯಬೇಕು. ಅವರಿಗೆ ಬಾರದಿದ್ದರೆ ದೊರೆಯುವುದೇ ಇಲ್ಲ. ನೂರೈವತ್ತು ವರ್ಷಗಳ ಹಿಂದೆ ನಡೆದ ಪಾಲುಪಟ್ಟಿಯ ಫಲವು ಇಲ್ಲಿ ನಗ್ನವ ಸತ್ಯವಾಗಿ ನಿಲ್ಲುತ್ತದೆ.

೮

ಈಗ ಹೊರಮಾವಿನಂತಹ ಊರಿನ ತರಗತಿಗೆ ಹಿಂದಿರುಗಬಹುದು. ಯಶೋಧರನು ಹೇಳಿದ ರೂಪಭೇದವನ್ನು ಮೊದಲು ತೆಗೆದುಕೊಂಡರೆ, ಮಾವಿನ ಎಲೆಯನ್ನೂ ಬೇವಿನ ಎಲೆಯನ್ನೂ ಮುಂದಿಟ್ಟುಕೊಂಡು ಬರೆದ ಮಗು ಅಂಚು, ನರ, ತೊಟ್ಟುಗಳ ಭೇದವನ್ನು ಒಮ್ಮೆ ಕಂಡರೆ ಮರೆಯದು. ಅದೇ ಸಂಗತಿಯನ್ನು ಬಾಯಿಪಾಠಮಾಡಿದ ಮಗು ಪರೀಕ್ಷೆಯ ಮರುದಿನವೇ ಮರೆಯುವುದುಂಟು. ಪ್ರಮಾಣಕ್ಕೆ ಊರ ಕೆರೆಯೇ ಉದಾಹರಣೆಯಾಗಬಲ್ಲುದು. ಕೆರೆಯನ್ನು ಬರೆಯೆಂದರೆ ಏಳು ವರ್ಷದ ಮಗು ನೀರನ್ನು ಮೇಲಿನಿಂದ ಕಂಡಂತೆಯೂ, ಏರಿಯ ಮರಗಳನ್ನು ಎರಡು ಪಕ್ಕಗಳಿಗೆ ಮಲಗಿಸಿದಂತೆಯೂ ಬರೆಯುವುದು. ತರಬೇತು ಪಡೆಯದ ಉಪಾಧ್ಯಾಯರು ಇದನ್ನು ತಿದ್ದಹೊರಡುವರು. ತರಬೇತು ಪಡೆದವರು, ಈ ಮಗು ಮೇಲಿನಿಂದ ನೋಡುವುದನ್ನು ಅರ್ಧ ಕಲಿತಿದೆ, ಇನ್ನೊಂದು ಹೆಜ್ಜೆಯಿಟ್ಟರೆ ಅದು ಭೂಪಟವೇ ಆಗುವುದು ಎಂದು ತಿಳಿದು ಭೂಗೋಳದ ಪಾಠವನ್ನು ಅಲ್ಲಿಂದಲೇ ಆರಂಭಿಸುವರು. ಲೆಕ್ಕಕ್ಕೆ ತಾಯಂದಿರ ರಂಗವಲ್ಲಿಯೇ ಸಾಕು. ಒಂದು, ಮೂರು, ಐದು, ಏಳು, ಮತ್ತೆ ಐದು, ಮೂರು, ಒಂದು ಎಂದು ಸಾಲುಸಾಲಾಗಿ ಚುಕ್ಕಿಯಿಟ್ಟರೆ ಒಟ್ಟು ೨೫ ಆಗುವುದು. ಮೇಲಿನ ನಾಲ್ಕು ಸಾಲುಗಳು ೧೬, ಕೆಳಗಿನ ಮೂರು ಸಾಲುಗಳು ೯. ನಾಲ್ಕರ ವರ್ಗವೂ ಮೂರರ ವರ್ಗವೂ ಕೂಡಿ ಐದರ ವರ್ಗವಾಯಿತೆಂಬುದನ್ನು ಮಗು ಅಂಗಳದಲ್ಲಿಯೇ ಎಣಿಸಿ ಕಾಣಬಹುದು. ಇದಕ್ಕೆ ಬೆಲೆಬಾಳುವ ಬಣ್ಣವಾಗಲಿ ಕಾಗದವಾಗಲಿ ಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆಯ ಪ್ರಶ್ನೆ. ಮನೆಯಲ್ಲಿ ಬೇರೆ ಮಾತನ್ನಾಡುವ ಮಗು ಕನ್ನಡ ತರಗತಿಯಲ್ಲಿ ಕುಳಿತಾಗ ಬಹುಕಾಲ ಬಾಯಿಬಿಡದೆ ಇರುವುದುಂಟು. ಮೌನವಾಗಿರುವ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುವುದು ಶಾಲೆಗಳಲ್ಲಿ ಆಗಾಗ ನಡೆಯುವ ಅನ್ಯಾಯ. ಅಂತಹ ಮಗುವಿನ ಕೈಗೆ ಬಳಪವನ್ನು ಕೊಟ್ಟು ನಿಮ್ಮ ಮನೆಯನ್ನು ಬರೆಯೆಂದರೆ ಅದು ಬರೆದು ತೋರಿಸುವುದು. ತೋರಿಸಿದ ಒಂದೊಂದು ವಸ್ತುವಿಗೂ ಉಪಾಧ್ಯಾಯರು ಕನ್ನಡದ ಹೆಸರನ್ನು ಹೇಳಬಹುದು. ಮಗು ಅದನ್ನು ತನ್ನ ಚಿತ್ರದ ಕೆಳಗೆ ಬರೆಯಬಹುದು. ಹೀಗೆ ಚಿತ್ರ ಬರೆಯುವುದರಿಂದ ಅಕ್ಷರ ಬರೆಯುವುದಕ್ಕೆ ಸೇತುವೆಯು ಏರ್ಪಡುವುದು. ಕನ್ನಡವು ಪೂರ್ವದ ಈ ಊರುಗಳಲ್ಲಿ ಮಕ್ಕಳ ಮಾತಾಗಿ ಉಳಿಯಬೇಕಾದರೆ ಈ ಸೇತುವೆಯನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಬ್ಬರೇ ಉಪಾಧ್ಯಾಯರು ಎರಡು ಮೂರು ತರಗತಿಗಳನ್ನು ನೋಡಿಕೊಂಡು, ದಾಖಲೆಗಳನ್ನೂ ಬಿಸಿಯೂಟವನ್ನೂ ನಿರ್ವಹಿಸುವಾಗ ಚಿತ್ರಕ್ಕೆ ವೇಳೆಯೆಲ್ಲಿ ಎಂಬುದು ಒಂದು. ಚಿತ್ರವು ಬೇರೊಂದು ಪಾಠವಾದರೆ ಈ ಆಕ್ಷೇಪವು ಸರಿ. ಎಲೆಯ ಪಾಠವೂ, ಕೆರೆಯ ಪಾಠವೂ, ಎಣಿಕೆಯ ಪಾಠವೂ ಹೇಗಿದ್ದರೂ ನಡೆಯಲೇಬೇಕಾದುವು. ಅವುಗಳೊಳಗೇ ಚಿತ್ರವು ಬರುವುದರಿಂದ ಬೇರೆ ವೇಳೆಯು ಬೇಕಾಗುವುದಿಲ್ಲ. ಎಲ್ಲರೂ ಚಿತ್ರಕಾರರಾಗಲು ಸಾಧ್ಯವೇ ಎಂಬುದು ಎರಡನೆಯದು. ಅಕ್ಷರವನ್ನು ಕಲಿಸುವವರೆಲ್ಲರೂ ಕವಿಗಳಾಗಿರುವುದಿಲ್ಲ; ಆದರೂ ಕಲಿಸುತ್ತಾರೆ. ಹಾಗೆಯೇ ಚಿತ್ರವನ್ನು ಕಲಿಸುವವರು ವೆಂಕಟಪ್ಪನವರಾಗಿರಬೇಕಾಗಿಲ್ಲ. ಮಗುವಿನ ಚಿತ್ರವನ್ನು ಓದಲು ಬಲ್ಲವರೂ, ಕರಿಹಲಗೆಯ ಮೇಲೆ ನಾಲ್ಕು ಗೆರೆಗಳನ್ನು ಸಂಕೋಚವಿಲ್ಲದೆ ಎಳೆಯಬಲ್ಲವರೂ ಆಗಿದ್ದರೆ ಸಾಕು. ಇಷ್ಟನ್ನು ಕೊಡುವುದು ತರಬೇತಿಗೆ ಅಸಾಧ್ಯವಾದುದಲ್ಲ. ಆದರೆ ವರ್ಷಕ್ಕೊಮ್ಮೆ ಎರಡು ಮೂರು ದಿನ ಉಪನ್ಯಾಸಗಳನ್ನು ಕೇಳಿಸಿ ಕಳುಹಿಸುವ ತರಬೇತಿಯಿಂದ ಇದು ಆಗದು. ಬಳಪವನ್ನು ಹಿಡಿಯದೆ ಹೋದ ಉಪಾಧ್ಯಾಯರು ಬಳಪವನ್ನು ಹಿಡಿಯದೆಯೇ ಹಿಂದಿರುಗುವರು.

ಚಿತ್ರದ ಪ್ರತ್ಯೇಕ ಉಪಾಧ್ಯಾಯರು ಬೇಡವೆಂದು ಇದರಿಂದ ತಾತ್ಪರ್ಯವಲ್ಲ. ಮೇಲಿನ ತರಗತಿಗಳಲ್ಲಿ ವರ್ಣಿಕಾಭಂಗವನ್ನೂ ಲಾವಣ್ಯಯೋಜನೆಯನ್ನೂ ಬಲ್ಲ ನಿಪುಣರು ಅವಶ್ಯಕ. ಅವರ ಹುದ್ದೆಗಳನ್ನು ಬರಿದಾಗಿಸುವುದು ಹಾನಿಕರ. ಆದರೆ ಆರು ಅಂಗಗಳಲ್ಲಿ ರೂಪಭೇದವೂ ಪ್ರಮಾಣವೂ ಪ್ರತಿಯೊಂದು ಮಗುವಿನ ಸ್ವತ್ತು. ಅವುಗಳನ್ನು ಹಂಚುವವರು ಮೊದಲ ತರಗತಿಯ ಉಪಾಧ್ಯಾಯರೇ ಆಗಿರಬೇಕು. ಹೋಬಳಿಗೊಂದು ಶಾಲೆ ಬೇಕೆಂದು ೧೮೬೮ರಲ್ಲಿ ಆದ ಸಂಕಲ್ಪವು ಬಹುಮಟ್ಟಿಗೆ ನೆರವೇರಿದೆ. ಆ ಶಾಲೆಯ ಒಂದೇ ಕೈಯಿಂದ ಅಕ್ಷರವೂ ಚಿತ್ರವೂ ಬರೆಯಲ್ಪಡಬೇಕೆಂಬ ಎರಡನೆಯ ಸಂಕಲ್ಪವು ಇನ್ನೂ ಪೂರ್ಣವಾಗಿ ನೆರವೇರಬೇಕಾಗಿದೆ. ಬರೆಯುವುದೆಂಬ ಕನ್ನಡದ ಮಾತಿಗೆ ಅದರ ಇಡಿಯ ಅರ್ಥವು ಶಾಲೆಯಲ್ಲಿ ದೊರೆಯುವುದು ಆಗಲೇ.